ರೀಲ್ ನಾಲ್ಕರ ಮುಡಿಪು

ಜೂನ್ 11, ಮಂಗಳವಾರ

ಸಹಕಾರನಗರದ ಸ್ಟುಡಿಯೋ. ರೀಲ್ ನಾಲ್ಕು. ಹೀರೋಯಿನ್‌ಗೆ ಕನ್ನಡ ಬಾರದು. ಮುಖ ಅವಳದು, ದನಿ ನನ್ನದು. ದೃಶ್ಯದಲ್ಲಿ ಅವಳ ಗಂಡ ಸಾಯುತ್ತಿದ್ದಾನೆ, ಮುನೇಶ್ವರನ ಮುಂದೆ ಹರಕೆ ಹೊರುತ್ತಾಳೆ: "ಅವನನ್ನು ಉಳಿಸು. ನನ್ನ ದನಿ ತಗೋ."

ಆರು ಟೇಕ್. ಡೈರೆಕ್ಟರ್ ವಿಜಯ್ ಕುಮಾರ್‌ಗೆ ಒಂದೂ ಹಿಡಿಸಲಿಲ್ಲ. "ಮೋನಿಷಾ, ಅಳು ಬೇಡ ಕಣ್ರೀ. ಸುಮ್ನೆ ಕೇಳ್ಕೊಳ್ಳಿ." ಮುಡಿಪು ಕಟ್ಟುವ ಸದ್ದೂ ಜೊತೆಗೇ ಬೇಕಂತೆ. ಅರಿಶಿನದ ಬಟ್ಟೆ ಕೊಟ್ಟರು. ನಾಣ್ಯ ನನ್ನ ಪರ್ಸಿನದೇ.

ಏಳನೇ ಟೇಕ್‌ನಲ್ಲಿ ಪರದೆ ನೋಡಲಿಲ್ಲ. ಹೆಬ್ಬಾಳದ ಆಸ್ಪತ್ರೆಯಲ್ಲಿ ಸೋಂಕು ಏರಿ ವೆಂಟಿಲೇಟರ್ ಮೇಲಿರುವ ಶರತ್‌ನನ್ನು ನೆನೆದೆ. ನನ್ನ ಗಂಡ ಕಣ್ಣು ಬಿಡದೆ ಒಂಬತ್ತು ದಿನ. ಅವನ ಜೀವ ಕೇಳಿಕೊಂಡೆ. ನಾಣ್ಯ ಇಟ್ಟು ಗಂಟು ಹಾಕಿದೆ.

ಟೇಕ್ ಓಕೆ. ಮನೆಗೆ ಬಂದು ನೋಡಿದರೆ ಗಂಟು ಪರ್ಸಿನಲ್ಲೇ ಇದೆ.

ಜೂನ್ 13

ಶರತ್ ಕಣ್ಣು ಬಿಟ್ಟ! ನನ್ನ ಬೆರಳು ಹಿಡಿದ. ಡಾಕ್ಟರಿಗೇ ಆಶ್ಚರ್ಯ. ಕಾರಿಡಾರಿನಲ್ಲಿ ಕೂತು ಅತ್ತೆ. ಅಮ್ಮನಿಗೆ ಫೋನ್ ಮಾಡಿದೆ... ಗಂಟಲು ಕಟ್ಟಿತ್ತು. ಎಸಿ ಇರಬೇಕು.

ಜೂನ್ 24

ದನಿ ಪೂರ್ತಿ ಹೋಯಿತು. ಇಎನ್‌ಟಿಯವರು ಕ್ಯಾಮೆರಾ ಇಳಿಸಿ ನೋಡಿದರು. "ಏನೂ ಇಲ್ಲಮ್ಮ, ರೆಸ್ಟ್ ಮಾಡಿ." ಏನೂ ಇಲ್ಲ ಅಂದದ್ದಕ್ಕೇ ಭಯ. ಹದಿನಾಲ್ಕು ವರ್ಷ ಈ ಗಂಟಲಿನಿಂದಲೇ ಅನ್ನ ತಿಂದಿದ್ದೇನೆ.

ಜೂನ್ 26

ತವರಿಗೆ ಹೋದೆ, ಊರಂಚಿನ ಸಿಂಗಾಪುರ ಹಳ್ಳಿಗೆ. ಮುನೇಶ್ವರನ ಗುಡಿಯ ಪೂಜಾರಿ ಲಕ್ಕಣ್ಣನವರಿಗೆ ಗಂಟು ತೋರಿಸಿ, ಎಲ್ಲವನ್ನೂ ಚೀಟಿಯಲ್ಲಿ ಬರೆದು ಕೊಟ್ಟೆ. ನಗುತ್ತಾರೆ ಅಂದುಕೊಂಡಿದ್ದೆ.

"ಸಿನ್ಮಾ ಅಂತ ಆವಯ್ಯಂಗೇನ್ ಗೊತ್ತವ್ವ? ನೀನ್ ಕೇಳ್ದೆ, ಕಾಸು ಕಟ್ದೆ. ಇಂಗ್ ಕಟ್ಟಿದ್ ಮ್ಯಾಲೆ ಮನೇಲೇ ಮಡಿಕ್ಕೋ. ಬಿಚ್ಚಿದ್ರೆ ಕೊಟ್ಟಿದ್ನ ವಾಪಸ್ ಇಸ್ಕೊಂಡಂಗೆ. ಆವಯ್ಯನೂ ಇಸ್ಕತಾನೆ."

ತಂದು ದೇವರ ಮನೆಯಲ್ಲಿಟ್ಟೆ.

ಜುಲೈ 9

ಶರತ್ ಮನೆಗೆ ಬಂದ. ಗೋಡೆ ಹಿಡಿಯದೆ ನಡೆದ. ಎರಡು ತಟ್ಟೆ ಇಡ್ಲಿ ತಿಂದ. ದನಿ ಹೋದರೆ ಹೋಗಲಿ, ನನಗೆ ಇದೇ ಸಾಕು.

ಸಂಜೆ — ವಿಜಯ್ ಕುಮಾರ್ ರೀಲ್ ನಾಲ್ಕನ್ನು ಫೋನಿಗೆ ಕಳಿಸಿದ್ದಾರೆ. ಶರತ್ ಮತ್ತೆ ಮತ್ತೆ ಹಾಕಿ ಕೇಳುತ್ತಿದ್ದಾನೆ. ನಾನು ಅಡಿಗೆಮನೆಯಲ್ಲಿ. ಹಾಲ್‌ನಲ್ಲಿ ನನ್ನ ದನಿ ಅವನಿಗಾಗಿ ಬೇಡಿಕೊಳ್ಳುತ್ತಿದೆ. ಒಲೆ ಆರಿಸಿ ನಿಂತುಬಿಟ್ಟೆ.

ಜುಲೈ 16

ತಡೆಯಲಾಗಲಿಲ್ಲ. ಈ ನೋಟ್‌ಬುಕ್ಕನ್ನೇ ಅವನ ಕೈಗೆ ಕೊಟ್ಟೆ. ಓದಿ ರೇಗಿದ.

"ಹುಚ್ಚಾ ನಿಂಗೆ? ನನ್ನ ಉಳಿಸಿದ್ದು ಆಂಟಿಬಯೋಟಿಕ್ ಕಣೇ. ನೀನು ಮಾತೇ ಆಡ್ದಿರೋ ಮನೇಲಿ ನಾನ್ ಹೆಂಗಿರ್ಲಿ?"

ಆಮೇಲೆ ನೋಟ್‌ಬುಕ್ಕಿನ ಮೊದಲ ಪುಟಕ್ಕೇ ಮರಳಿದ.

"ನಿಜಾನೇ ಅಂತಿಟ್ಕೋ. ನಿನ್ನ ದನಿ ಕೊಟ್ಟು ನನ್ನ ಉಳಿಸ್ಕೋತೀನಿ ಅಂತ... ನನ್ನ ಒಂದ್ ಮಾತು ಕೇಳಿದ್ಯಾ?"

"ಇಲ್ಲ" ಎಂದು ಬರೆದು ತೋರಿಸಿದೆ.

ಜುಲೈ 17, ಬೆಳಿಗ್ಗೆ 6:10

ದೀಪ ಹಚ್ಚಲು ಹೋದೆ. ಗಂಟು ಬಿಚ್ಚಿ ಅರಿಶಿನದ ಬಟ್ಟೆಯನ್ನು ನೀಟಾಗಿ ಮಡಿಸಿಟ್ಟಿದ್ದಾನೆ. ಅದರ ಮೇಲೆ ನಾಣ್ಯ.

"ಅಯ್ಯೋ" ಅಂದೆ. ಕೇಳಿಸಿತು. ನನ್ನದೇ ದನಿ, ಒಂದು ಚೂರೂ ಒಡೆದಿಲ್ಲ.

"ಶರತ್" ಎಂದು ಕರೆದೆ.

ಬೆಡ್‌ರೂಮಿನ ಬಾಗಿಲು ಅರ್ಧ ತೆರೆದಿದೆ. ಹೊದಿಕೆಯಾಚೆ ಅವನ ಪಾದ ಕಾಣುತ್ತಿದೆ. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ, ಅವನ ಉಸಿರೂ ಕೇಳುತ್ತಿಲ್ಲ. ಇಲ್ಲೇ ನೆಲದ ಮೇಲೆ ಕೂತು ಗೀಚುತ್ತಿದ್ದೇನೆ, ಒಳಗೆ ಹೋಗಿ ನೋಡಿಲ್ಲ. ಇನ್ನೊಂದು ಸಲ ಕರೆಯುತ್ತೇನೆ, ಜೋರಾಗಿ.