ಆಡುಗಳಿಗೊಂದು ಬಾಗಿಲು

ಆಗಸ್ಟ್ ೧೯, ಬೆಳಿಗ್ಗೆ

ಹಾಲು ಕಾಯಿಸಿ, ಅಂಗಳ ಗುಡಿಸಿ, ಮಗನನ್ನು ಬೈದು ಎಬ್ಬಿಸಿ ಆಯಿತು. ಸೊಸೆ ಆಗಲೇ ದಿಬ್ಬ ಹತ್ತಿದ್ದಾಳೆ, ಹೆಗಲಿಗೆ ಹಗ್ಗದ ಸುರುಳಿ. ಕಟ್ಟಡದ ಓದು ಓದಿದವಳು. ನೆಲಕ್ಕೆ ಗೂಟ ಹೊಡೆದು, ಹಗ್ಗ ಬಿಗಿದು, ಇದೇ ಮನೆ ಅನ್ನುತ್ತಾಳೆ.

ಗುಡ್ಡದ ಏಳು ಮನೆಯವರಿಗೂ ಚಳಿಗಾಲಕ್ಕೆ ಒಂದೇ ಮನೆ. ಹೋದ ವರ್ಷ ಏಳು ಒಲೆಗೆ ಅರ್ಧ ಕಾಡು ಬೋಳಾಯಿತು, ಆದರೂ ನಡುಗಿದ್ದು ನಡುಗಿದ್ದೇ. ಈ ಸಲ ನಡುವೆ ಒಂದು ದೊಡ್ಡ ಒಲೆ, ಸುತ್ತ ಹುಲ್ಲು ತುಂಬಿದ ಮಣ್ಣಿನ ದಪ್ಪ ಗೋಡೆ, ಬಿಸಿಲ ಕಡೆಗೆ ಗಾಜು. ಜಾಗ ನನ್ನದು. ಕೇಳಿದರು, ಕೊಟ್ಟೆ.

ಸೌದೆಯದು ಒಂದು ಚಿಂತೆಯಾದರೆ ಬಿರುಕಿನದು ಇನ್ನೊಂದು. ತಂಗಿಯ ಮನೆಯ ಮೇಲಿನ ಗುಡ್ಡ ಈ ಮಳೆಗೆ ಬಾಯಿ ಬಿಟ್ಟಿದೆ. ಹಿಮದ ಭಾರ ಬಿದ್ದರೆ ಜಾರುತ್ತದೆ, ಆ ಮನೆಯಲ್ಲಿ ಚಳಿಗಾಲ ಕಳೆಯಬೇಡಿ ಅಂತ ಇಂಜಿನಿಯರ್ ಬಂದು ಹೇಳಿ ಹೋದ. ಅವಳು ಹೂಂ ಅಂದು ಆಡುಗಳಿಗೆ ಸೊಪ್ಪು ಹಾಕಿದಳಂತೆ. ಗಂಡ ತೀರಿಕೊಂಡ ಮೇಲೆ ಅವಳಿಗೆ ಆಡುಗಳೇ ಬಂಧು-ಬಳಗ.

ನನಗೂ ಅವಳಿಗೂ ಮಾತಿಲ್ಲ. ಮಗನ ಮದುವೆಯಲ್ಲಿ ನಾಲ್ಕು ಜನರೆದುರು "ಆಡಿನ ನಾತ" ಅಂದೆನಂತೆ. ನಾತ ಇದ್ದಿರಬೇಕು, ಅಂದಿರಬೇಕು.

ಆಗಸ್ಟ್ ೨೧

ಅರ್ಧ ದಿನ ಹಗ್ಗದೊಳಗೆ ಬದುಕಿ ನೋಡಿ, ಆಮೇಲೆ ಕಟ್ಟೋಣ — ಸೊಸೆಯ ಹಟ. ತಂಗಿಯೊಬ್ಬಳನ್ನು ಬಿಟ್ಟು ಆರು ಮನೆಯವರೂ ಚಾಪೆ ತಂದರು. ಜೀಪ್ ಡ್ರೈವರ್ ಮಲಗಿದ, ಮೊಣಕಾಲಿನಿಂದ ಕೆಳಗೆ ಹಗ್ಗದ ಆಚೆ. ನಿನ್ನ ಕಾಲು ಹಿಮದಲ್ಲಿದೆ ಅಂದರು, ಮಡಚಿಕೊಂಡ. ಟೀಚರಮ್ಮ ಇಲ್ಲದ ಕಿಟಕಿಯ ಪಕ್ಕ ಜಾಗ ಹಿಡಿದು ಯಾರಿಗೂ ಬಿಡಲಿಲ್ಲ. ನಾನು ನೀರಿಗೆಂದು ಎದ್ದು ನೇರ ಹೊರಟೆ.

"ಅತ್ತೆ, ಅದು ಗೋಡೆ."

ನಕ್ಕರು. ಹಿಂದಕ್ಕೆ ಬಂದು ಬಾಗಿಲಿನಿಂದಲೇ ಹೋದೆ. ಯಾರ್ಯಾರು ನಕ್ಕರು ಅಂತ ನೆನಪಿದೆ.

ಮಧ್ಯಾಹ್ನ ತಂಗಿ ಬಂದಳು. ಹಗ್ಗ ದಾಟಲಿಲ್ಲ. ನನ್ನ ಕಡೆ ನೋಡದೆ ಸೊಸೆಯನ್ನು ಕೇಳಿದಳು — ಆಡು ಎಲ್ಲಿ ಕಟ್ಟೋದು? ಅವು ನಿಮ್ಮ ಕೊಟ್ಟಿಗೆಯಲ್ಲೇ ಇರಲಿ, ದಿನಾ ಹೋಗಿ ನೋಡಿಕೊಂಡು ಬರಬಹುದು ಅಂದಳು ಸೊಸೆ.

"ನಾನಿಲ್ಲಿ ಬೆಚ್ಚಗೆ, ಅವು ಅಲ್ಲಿ ಗುಡ್ಡದ ಬಾಯಿಗೆ. ಚೆನ್ನಾಗಿದೆ ಕಣಮ್ಮ ನಿನ್ನ ಪ್ಲ್ಯಾನು."

ಹೋದಳು. ಚಾಪೆಯನ್ನೂ ತಂದಿರಲಿಲ್ಲ.

ಸೆಪ್ಟೆಂಬರ್ ೩

ಊಟದ ಮೇಜಿನ ಮೇಲೆ ಪ್ಲ್ಯಾನ್ ಹರಡಿತ್ತು. ನೆಲದ ಕೆಳಗೆ ಆಡು ಕಟ್ಟಿದರೆ ಹೇಗೆ ಅಂದೆ. ಅವುಗಳ ಮೈಬಿಸಿ ಪುಕ್ಕಟೆ, ಸೌದೆ ಉಳಿಯುತ್ತದೆ. ಅಜ್ಜಿಯ ಮನೆ ಹಾಗೇ ಇತ್ತು.

ಮಗನಿಗೆ ಟೀ ನೆತ್ತಿಗೇರಿತು. "ಆಡು ಅಂದ್ರೆ ಮೂಗು ಮುಚ್ಕೊಳ್ಳೋಳು ನೀನು!"

"ಮೂಗು ನಂದು. ನಾನು ನೋಡ್ಕೋತೀನಿ."

ಸೊಸೆ ಒಪ್ಪಲಿಲ್ಲ. ತೇವ ಏರಿದರೆ ಹುಲ್ಲು ತುಂಬಿದ ಗೋಡೆ ಒಳಗೊಳಗೇ ಕೊಳೆಯುತ್ತದಂತೆ. ಜಾಗ ನನ್ನದು ಅಂದೆ.

"ಜಾಗ ನಿಮ್ಮದು ಅತ್ತೆ. ಗೋಡೆ ಬಿದ್ರೆ ಹೆಸರು ನಂದು."

ನನ್ನೆದುರು ಹೀಗೆ ಮಾತಾಡುವವರು ಈ ಗುಡ್ಡದಲ್ಲಿ ಇಲ್ಲ. ತಟ್ಟೆ ತೊಳೆದೆ. ಹುಡುಗಿ ಗಟ್ಟಿ ಇದ್ದಾಳೆ... ಅವಳಿಗೆ ಹೇಳುವ ಅಗತ್ಯವಿಲ್ಲ.

ಸೆಪ್ಟೆಂಬರ್ ೬

ದಾರಿ ಸಿಕ್ಕಿತು, ಸೊಸೆಯೇ ಕಂಡುಕೊಂಡಳು. ನೆಲ ಹೇಗೂ ಇಳಿಜಾರು. ಇಳಿಜಾರಿನ ಕಡೆ ಕಲ್ಲು ಕಟ್ಟಿ ಕೆಳಗೊಂದು ಕೊಟ್ಟಿಗೆ, ಅದಕ್ಕೆ ಬೇರೆಯೇ ಬಾಗಿಲು. ಮಣ್ಣಿನ ಗೋಡೆ ಕಲ್ಲಿನ ಮೇಲಿಂದ ಶುರು, ತೇವ ಮುಟ್ಟುವುದಿಲ್ಲ. ಹೊಗೆಗೂಡಿಗೆ ಅಂಟಿಕೊಂಡಂತೆ ಒಂದು ಕೊಳವೆ. ಬಿಸಿ ಹೊಗೆ ಏರುವಾಗ ಪಕ್ಕದ ಗಾಳಿಯೂ ಬಿಸಿಯಾಗಿ ಕೊಟ್ಟಿಗೆಯ ನಾತವನ್ನು ಎಳೆದುಕೊಂಡು ಹೋಗುತ್ತದೆ.

"ಚಿಕ್ಕತ್ತೆಗೆ ನಾನು ಹೇಳ್ಲಾ?" ಅಂದಳು.

ಅವಳಿಗೆ ಯಾಕೆ, ಇದು ಶಾಖಕ್ಕೆ ಅಂದೆ. ಪೆನ್ಸಿಲ್ ಕಚ್ಚಿಕೊಂಡು ಮುಖ ತಿರುಗಿಸಿದಳು. ನಕ್ಕಳೇನೋ.

ಅಕ್ಟೋಬರ್ ೧೮

ಇಷ್ಟು ದಿನ ಬರೆಯಲಾಗಲಿಲ್ಲ. ಮಣ್ಣು ತುಳಿದು ಹಿಮ್ಮಡಿ ಒಡೆದಿದೆ. ಸೂರು ಕೂತಿತು. ಎಲ್ಲರೂ ಕೈಹಾಕಿದರು, ತಂಗಿಯೊಬ್ಬಳು ಬಿಟ್ಟು. ಮಳೆಗಾಲದಲ್ಲಿ ಬಿರುಕಿನಲ್ಲಿ ಕೈ ತೂರುತ್ತಿತ್ತು, ಈಗ ಕಾಲು ಇಳಿಯುತ್ತದೆ ಅಂದ ಡ್ರೈವರ್. ದಿನಾ ಎದ್ದ ಕೂಡಲೇ ಅವಳ ಮನೆಯ ಹೊಗೆ ಕಾಣುತ್ತದಾ ನೋಡುತ್ತೇನೆ. ಕಾಣುತ್ತದೆ.

ನವೆಂಬರ್ ೯, ಸಂಜೆ

ಆರು ಮನೆಯವರೂ ಬಂದು ಸೇರಿದೆವು. ಬೆಳಿಗ್ಗೆ ಮೊದಲ ಹಿಮ ಬಿತ್ತು. ನನ್ನ ತಂಗಿಯನ್ನು ಕರೆಯಲು ಹೋದ ಸೊಸೆ ಒಬ್ಬಳೇ ಬಂದಳು. ಜಾಗದವರು ಕರೆದರೆ ನೋಡೋಣ ಅಂದಳಂತೆ.

ಶಾಲು ಹೊದ್ದು ಇಳಿದೆ. ಯಾರೂ ಜೊತೆಗೆ ಬರಬೇಡಿ ಅಂದೆ.

ಕೊಟ್ಟಿಗೆಯಲ್ಲಿದ್ದಳು. ತಿರುಗಲಿಲ್ಲ. ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡಿದ್ದೆ, ಅಲ್ಲಿ ನಿಂತಾಗ ಬಾಯಿಗೆ ಬಂದದ್ದು ಬೇರೆಯೇ.

"ಕೆಳಗಡೆ ಕೊಟ್ಟಿಗೆ ಖಾಲಿ ಇದೆ. ಆಡಿಲ್ಲದೆ ನೆಲ ಬಿಸಿಯಾಗ್ತಿಲ್ಲ."

"ಆಡು ಮಾತ್ರ ಸಾಕಾ?"

"ಅವನ್ನ ನೋಡ್ಕೊಳ್ಳೋದು ಯಾರು? ನಾನಾ?"

ಆಡಿಗೆ ಸೊಪ್ಪು ಹಾಕಿದಳು. ಆಮೇಲೆ, "ನಾತ ಬರುತ್ತೆ ಅಕ್ಕಾ."

"ಕೊಳವೆ ಇಡಿಸಿದ್ದೀನಿ."

ಆಗ ತಿರುಗಿದಳು. ತುಂಬಾ ಹೊತ್ತು ನನ್ನ ಮುಖ ನೋಡಿದಳು. ಎಷ್ಟು ವಯಸ್ಸಾಗಿದೆ ಇವಳಿಗೆ... ಒಂದು ಆಡಿನ ಹಗ್ಗ ನನ್ನ ಕೈಗೆ ಕೊಟ್ಟಳು. ಮುಂದೆ ನಡೆಯುವ ಆಡು ಹಟಮಾರಿ, ಅದನ್ನೇ ಕೊಟ್ಟಿದ್ದಾಳೆ. ಬೇಕಂತಲೇ.

ನವೆಂಬರ್ ೧೪

ಗುಡ್ಡ ಜಾರಿತು. ಬೆಳಗಿನ ಊಟದ ಹೊತ್ತು. ಮೊದಲು ಸದ್ದು, ಆಮೇಲೆ ಗಾಜು ಅದುರಿತು. ಈ ದಿಬ್ಬ ಅಲ್ಲಾಡಲಿಲ್ಲ. ಹೊರಗೆ ಓಡಿದೆವು. ತಂಗಿಯ ಮನೆ ಇದ್ದಲ್ಲಿ ಕೆಂಪು ಮಣ್ಣು, ಸೂರಿನ ಒಂದು ಮೂಲೆ. ಕೊಟ್ಟಿಗೆಯಂತೂ ಗುರುತೇ ಇಲ್ಲ.

ಎಲ್ಲರೂ ಇದ್ದೇವೆ. ಆಡುಗಳೂ ಇವೆ. ಡ್ರೈವರ್ ಎರಡೆರಡು ಸಲ ತಲೆ ಎಣಿಸಿದ, ತನ್ನನ್ನು ಬಿಟ್ಟು ಎಣಿಸಿ ಗಾಬರಿಯಾದ.

ತಂಗಿ ಅಳಲಿಲ್ಲ. ಹೊಸ ಬಾಣಲೆ ಅಲ್ಲೇ ಉಳಿಯಿತು ಅಂದಳು. ನನ್ನದು ತಗೋ ಅಂದೆ. ನಿನ್ನದು ತಳ ಹಿಡಿಯುತ್ತದೆ ಅಂದಳು. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸೊಸೆ ಬಂದು ಪಕ್ಕದಲ್ಲಿ ಕೂತಳು. ಗೋಡೆ ಚೆನ್ನಾಗಿ ನಿಂತಿದೆ ಕಣೇ ಅಂದೆ. ಕಣ್ಣೊರೆಸಿಕೊಂಡಳು.

ನವೆಂಬರ್ ೧೫, ಬೆಳಿಗ್ಗೆ

ಒಂದೇ ನಿದ್ದೆಗೆ ಬೆಳಗಾಯಿತು. ಎಷ್ಟು ತಿಂಗಳಾಗಿತ್ತೋ. ನೆಲ ಬೆಚ್ಚಗಿದೆ. ಎದ್ದ ಕೂಡಲೇ ಕಿಟಕಿಗೆ ಹೋದೆ, ಅಭ್ಯಾಸ ಬಲ. ನೋಡಬೇಕಾದವಳು ಹಿಂದೆಯೇ ಗೊರಕೆ ಹೊಡೆಯುತ್ತಿದ್ದಳು.

ಈಗ ಎದ್ದಳು. ಏನು ಬರೆಯೋದು, ನನ್ನ ಬಗ್ಗೆನಾ ಅಂತಾಳೆ. ನಿನ್ನ ಬಗ್ಗೆ ಬರೆಯೋದಕ್ಕೆ ಏನಿದೆ ಅಂದೆ. ಬೆಂಚಿಗೆ ಬಂದು ಕೂತಳು. ಜಾಗ ಬಿಡು ಅಂತಾಳೆ. ಬಿಟ್ಟೆ. ಇನ್ನೂ ಆಚೆ ಸರಿ ಅಂತಾಳೆ. ಸರಿದರೆ ಬರೆಯುವ ಮೊಣಕೈ ಊರುವುದಕ್ಕೆ ಜಾಗ—