ಕೆಂಪಿ ನಿಧಾನ ಕಲಿತ ಬಗೆ

ನರೇಗಲ್ಲ
ಮಿಂಚುಗಾಳಿ ಮಾಸದ ಮೂವತ್ತಾರನೆಯ ದಿನ, ೨೨೯೧

ಕೆಂಪು ಕಾರಿನ ಒಡೆಯರಲ್ಲಿ ನೀಲಗಂಗೆಯ ವಿನಂತಿ.

ಮೇಲಿನ ತಾರೀಕು ಕಂಡು ಗಾಬರಿಯಾಗಬೇಡಿ. ನಮ್ಮಲ್ಲಿ ಗಾಳಿ ನಿಲ್ಲುವ ತನಕ ಮಾಸ ಮುಗಿಯುವುದಿಲ್ಲ. ನನ್ನ ಬರವಣಿಗೆಯಲ್ಲಿ ನೀವು ಕೇಳದ ಪದಗಳು ಬಂದರೆ ಮನ್ನಿಸಿ. ನಿಮ್ಮ ಕಾಲದ ಎಷ್ಟೋ ಪದಗಳು ನನಗೂ ಕತೆಯ ಹಾಗೆ ಕೇಳಿಸುತ್ತವೆ. ಸಿಗ್ನಲ್ ಎಂದರೆ ಮೂರು ಬಣ್ಣದ ದೀಪವೆಂದೂ, ಅದರ ಮುಂದೆ ನೂರಾರು ಗಾಡಿಗಳು ಎಂಜಿನ್ ಆರಿಸದೆ ಸುಮ್ಮನೆ ನಿಂತಿರುತ್ತಿದ್ದವೆಂದೂ ಹಿರಿಯರು ಹೇಳಿದಾಗ ನಾನು ನಂಬಿರಲಿಲ್ಲ. ನಿಮ್ಮದು ಓಟದ ಕಾರಂತೆ. ಅದರಲ್ಲೇ ಆಫೀಸಿಗೆ, ತರಕಾರಿಗೆ, ಮಕ್ಕಳ ಶಾಲೆಗೆ ಹೋಗುತ್ತೀರಂತೆ. ಬಹಳ ಪೆಟ್ರೋಲ್ ಕುಡಿಯುತ್ತದೆಂಬ ಕೊರಗೂ ನಿಮಗಿದೆಯಂತೆ. ನಮ್ಮೂರಲ್ಲೂ ಅಂಥದೊಂದು ಕಾರಿತ್ತು. ಅದನ್ನು ನಂಬಿ ಬದುಕಿದವರಲ್ಲಿ ನಾನೂ ಒಬ್ಬಳು.

ನಮ್ಮ ಕಡೆ ಎಲ್ಲರೂ ಓಡಾಡುವುದು ಸೂರ್ಯಬಂಡಿಯಲ್ಲಿ. ಬಿಸಿಲು ಕುಡಿದು ಸದ್ದಿಲ್ಲದೆ ಸಾಗುವ ಸಾಧು ಬಂಡಿಗಳು. ಆದರೆ ಸುಗ್ಗಿ ಮುಗಿಯುತ್ತಲೇ ಪಡುವಣದಿಂದ ಮಿಂಚುಗಾಳಿ ಏಳುತ್ತದೆ. ಒಣ ಗಾಳಿ, ಅದರ ತುಂಬ ವಿದ್ಯುತ್ತು. ಜಾಲಿಯ ಮುಳ್ಳಿನ ತುದಿಗಳಲ್ಲಿ ನೇರಳೆ ಬೆಳಕು ಕೂರುತ್ತದೆ, ಎಮ್ಮೆಗಳ ಕೋಡುಗಳು ಮಿನುಗುತ್ತವೆ, ತಲೆ ಬಾಚಿಕೊಂಡರೆ ಬಾಚಣಿಗೆ ಚಟಪಟ ಎನ್ನುತ್ತದೆ. ನೋಡಲು ಬಹಳ ಚಂದ. ಆ ಗಾಳಿಯಲ್ಲಿ ಸೂರ್ಯಬಂಡಿ ಹೊರಗೆ ತಂದರೆ ಮಾತ್ರ ಅದರ ಬ್ಯಾಟರಿ ಸುಟ್ಟುಹೋಗುತ್ತದೆ. ಆಗ ಊರುಗಳ ನಡುವೆ ಓಡಬಲ್ಲದ್ದು ಹಳೆಯ ಎಂಜಿನ್ ಒಂದೇ. ನಮ್ಮ ಪಾಲಿಗೆ ಉಳಿದುಬಂದ ಎಂಜಿನ್ ಇದ್ದದ್ದು, ನಿಮ್ಮ ಕಾಲದ ಸಿರಿವಂತರಾರೋ ಕಲ್ಲಿನ ಗೋದಾಮಿನಲ್ಲಿ ಮುಚ್ಚಿಟ್ಟಿದ್ದ ಎರಡು ಸೀಟಿನ ಕೆಂಪು ಕಾರಿನಲ್ಲಿ. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಬೆನ್ನ ಮೇಲೊಂದು ರೆಕ್ಕೆ. ಊರವರು ಅದಕ್ಕೆ ಕೆಂಪಿ ಎಂದು ಹೆಸರಿಟ್ಟರು. ಅದಕ್ಕೆ ಹಾಕುತ್ತಿದ್ದದ್ದು ಪಾಚಿರಸ, ಅಂದರೆ ಕೆರೆಪಾಚಿಯಿಂದ ಬಟ್ಟಿ ಇಳಿಸಿದ ಪೆಟ್ರೋಲ್. ಒಂದು ಗಾಳಿಗಾಲಕ್ಕೆ ಒಂದೇ ಬಟ್ಟಿ; ಮುಗಿದರೆ ಮುಗಿಯಿತು.

ಕೆಂಪಿಯನ್ನು ಓಡಿಸುತ್ತಿದ್ದವನು ಮೈಲಾರಿ. ನಾನು ದವಾಖಾನೆಯ ಸೂಲಗಿತ್ತಿ. ನಮ್ಮ ಕಡೆ ಬಾಯಾರ ಎನ್ನುತ್ತಾರೆ. ಗಾಳಿಗಾಲದಲ್ಲಿ ಬಸುರಿಯರನ್ನು ನೋಡಲು, ಔಷಧ ಹಂಚಲು ಅವನ ಪಕ್ಕದ ಸೀಟಿನಲ್ಲಿ ಕೂತು ಹಳ್ಳಿ ಸುತ್ತುವುದು ನನ್ನ ಕೆಲಸ. ಮೊದಲ ವರ್ಷ ಆ ಸೀಟಿನಲ್ಲಿ ನಾನು ದೇವರ ಹೆಸರು ಬಿಟ್ಟು ಬೇರೇನೂ ಆಡಲಿಲ್ಲ. ಖಾಲಿ ಎರೆಹೊಲದ ನಡುವಿನ ನೆಟ್ಟನೆ ದಾರಿಯಲ್ಲಿ ಮೈಲಾರಿ ಅದನ್ನು ಬಿಟ್ಟ ಬಾಣದ ಹಾಗೆ ಓಡಿಸುತ್ತಿದ್ದ. ತಿರುವು ಬಂದಾಗ ಗಕ್ಕನೆ ಬ್ರೇಕು, ದಾಟಿದ ಕೂಡಲೆ ಮತ್ತೆ ಗರ್ಜನೆ. ಅವನ ಮುಖದಲ್ಲಿ ಅಷ್ಟು ಸಂತೋಷ ಇರುತ್ತಿತ್ತೆಂದರೆ ಬೈಯಲು ಮನಸ್ಸಾಗುತ್ತಿರಲಿಲ್ಲ. ಗಾಳಿ ಅರ್ಧಕ್ಕೆ ಬರುವ ಮೊದಲೇ ಪಾಚಿರಸ ತೀರಿತು. ಕೋಡಿಕೊಪ್ಪದ ಒಬ್ಬ ಮುದುಕನಿಗೆ ಹೃದಯದ ಗುಳಿಗೆ ತಲುಪಲಿಲ್ಲ. ನಾವು ನಡೆದು ಹೋಗಿ ಮುಟ್ಟಿದಾಗ ಅವರ ಮನೆ ಮುಂದೆ ಜನ ಕೂಡಿದ್ದರು.

ಊರ ಪಂಚಾಯತಿಯ ಹಿರಿಯಳು ಗುರುಸಿದ್ದವ್ವ ಮೈಲಾರಿಯನ್ನು ಕಟ್ಟೆಗೆ ಕರೆಸಿದಳು. ಗದರಲಿಲ್ಲ.

"ನಿನ್ನ ಕೆಂಪಿ ನೀರಡಿಸಿದ ಎಮ್ಮಿ ಆಗೇತಿ, ತಮ್ಮಾ. ಮುಂದಿನ ಗಾಳಿಗೂ ಹಿಂಗ ಆದ್ರ ರಸ ಎಲ್ಲಾ ನೀರಿನ ಪಂಪಿಗೆ ಹಾಕತೀವಿ. ಗಾಡಿ ಗೋದಾಮಿಗೆ ಹೋಗಲಿ."

ಮೈಲಾರಿ ತಲೆ ತಗ್ಗಿಸಿ ಕೇಳಿಸಿಕೊಂಡ. ಮರುದಿನ ನಾನು ಗೋದಾಮಿನ ಕಡೆ ಹೋದಾಗ ಅವನು ಸ್ಪ್ಯಾನರ್ ಹಿಡಿದು ಕೆಂಪಿಯ ರೆಕ್ಕೆ ಬಿಚ್ಚುತ್ತಿದ್ದ. ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ಒರೆಸುತ್ತಿದ್ದ ರೆಕ್ಕೆ ಅದು.

"ಇದು ಗಾಳಿ ಹಿಡಿದು ಹಿಂದಕ್ಕ ಜಗ್ಗತೈತ್ರಿ," ಎಂದ. "ಓಟದ ಪಂದ್ಯೇದಾಗ ಬೇಕಾಗತೈತಿ. ಕೋಡಿಕೊಪ್ಪಕ್ಕ ಹೋಗಾಕ ಯಾಕ ಬೇಕು?"

ಆ ಬೇಸಿಗೆ, ಆ ಮಳೆಗಾಲ, ಅವನು ಕಾರನ್ನು ಮತ್ತೆ ಮೊದಲಿನಿಂದ ಕಲಿತ. ಸೀಟಿನ ಹಿಂದಿದ್ದ ಭಾರದ ಹಾಡಿನ ಪೆಟ್ಟಿಗೆ ಇಳಿಸಿದ, ಬೇಡದ ಕಬ್ಬಿಣವನ್ನೆಲ್ಲ ತೆಗೆದ. ಟೈರು ತಣ್ಣಗಿರುವ ನಸುಕಿನಲ್ಲೇ ಅದರ ಗಾಳಿ ನೋಡುತ್ತಿದ್ದ. ಟೈರು ಮೆತ್ತಗಾದರೆ ಎಂಜಿನ್ ಕೆಸರಿನಲ್ಲಿ ನಡೆದಂತೆ ತ್ರಾಸು ಪಡುತ್ತದಂತೆ. ಎಂಜಿನ್ ಉಸಿರೆಳೆಯುವ ಜಾಲರಿಯ ಧೂಳು ಕೊಡವುತ್ತಿದ್ದ. ಮುಂದಿನ ಗಾಳಿಗೆ ಹೊಸ ರಸ ಬಂದಾಗ, ದಿನಕ್ಕೊಂದೂರು ಎಂದು ಹೋಗಿಬರುತ್ತಿದ್ದ ನಮ್ಮ ತಿರುಗಾಟವನ್ನು ಒಂದೇ ಸುತ್ತಿಗೆ ಪೋಣಿಸಿದ. ತಣ್ಣಗಿನ ಎಂಜಿನ್ ಮೊದಲ ಹರದಾರಿಯಲ್ಲೇ ಹೆಚ್ಚು ಕುಡಿಯುತ್ತದೆ, ಬಿಸಿಯಾದ ಮೇಲೆ ಒಂದೇ ಉಸಿರಿಗೆ ಎಲ್ಲ ಊರು ಮುಗಿಸಬೇಕು ಎನ್ನುತ್ತಿದ್ದ. ಬಾಣಂತಿಯ ಮನೆಯ ಮುಂದೆ ನಾನು ತಡಮಾಡಿದರೆ ಎಂಜಿನ್ ಆರಿಸಿ ಬೇವಿನ ನೆರಳಲ್ಲಿ ಕೂರುತ್ತಿದ್ದ.

ಕಷ್ಟವಾದದ್ದು ಪಾದಕ್ಕೆ. ಅದು ಒತ್ತಲು ಹುಟ್ಟಿದ ಪಾದ. ನನ್ನ ಮಡಿಲಲ್ಲಿ ಔಷಧದ ಪೆಟ್ಟಿಗೆ ಇರುತ್ತಿತ್ತು; ಅದರೊಳಗಿನ ಗಾಜಿನ ಸೀಸೆಗಳು ಅವನು ಗಕ್ಕನೆ ನಿಲ್ಲಿಸಿದರೂ, ದಿಢೀರನೆ ನುಗ್ಗಿದರೂ ಕಿಣಿಕಿಣಿ ಎನ್ನುತ್ತಿದ್ದವು. ಅವು ಮಾತಾಡದ ಹಾಗೆ ಓಡಿಸಬೇಕೆಂದು ಅವನು ಹಟ ಹಿಡಿದ. ದಾರಿಯಲ್ಲಿ ಬಹಳ ದೂರ ನೋಡಲು ಕಲಿತ. ಕುರಿಹಿಂಡು ಚುಕ್ಕಿಯಷ್ಟು ಕಂಡಾಗಲೇ ಪಾದ ಎತ್ತುತ್ತಿದ್ದ. ನಾವು ಸಮೀಪಿಸುವಷ್ಟರಲ್ಲಿ ಹಿಂಡು ದಾಟಿರುತ್ತಿತ್ತು. ಬ್ರೇಕು ಒತ್ತಿದಾಗಲೆಲ್ಲ, ಆಗಲೇ ಸುಟ್ಟ ಹನಿಯನ್ನು ನೆಲಕ್ಕೆ ಚೆಲ್ಲಿದ ಹಾಗೆ ಎಂದು ಅವನೇ ಹೇಳಿದ್ದು. ಎಂಜಿನ್ ಕೂಗುವ ಮೊದಲೇ ಮೇಲಿನ ಗೇರಿಗೆ ಹಾಕುತ್ತಿದ್ದ. ಇಳಿಜಾರಿನಲ್ಲಿ ಗೇರು ಬಿಡಿಸದೆ ಪಾದವನ್ನಷ್ಟೇ ಎತ್ತುತ್ತಿದ್ದ. ಆಗ ಎಂಜಿನ್ ತಾನಾಗಿಯೇ ರಸ ಕುಡಿಯುವುದನ್ನು ನಿಲ್ಲಿಸುತ್ತಿತ್ತು. ಇಳಿಜಾರೇ ನಮ್ಮನ್ನು ಹೊತ್ತು ಸಾಗುತ್ತಿತ್ತು.

ಆ ಇಳಿಜಾರುಗಳನ್ನು ಹೇಗೆ ಹೇಳಲಿ. ಗರ್ಜನೆಯೆಲ್ಲ ಅಡಗಿ, ಟೈರಿನ ಕೆಳಗೆ ದಾರಿ ಗುನುಗುತ್ತಿತ್ತು. ಎರಡೂ ಕಡೆ ಕುಯ್ದ ಕುಸುಬಿ ಹೊಲ, ದೂರದಲ್ಲಿ ಗಜೇಂದ್ರಗಡದ ಗುಡ್ಡದ ಮೇಲೆ ನೇರಳೆ ಮಿನುಗು. ಕಾರು ಚಲಿಸುತ್ತಿದೆಯೋ ಭೂಮಿಯೇ ನಮ್ಮ ಕೆಳಗೆ ಜಾರುತ್ತಿದೆಯೋ ತಿಳಿಯುತ್ತಿರಲಿಲ್ಲ. ಮೊದಲ ವರ್ಷ ನಾನು ಅವನ ಮುಖ ನೋಡಿದ್ದೇ ಇಲ್ಲ, ಕಣ್ಣು ಮುಚ್ಚಿಕೊಂಡಿರುತ್ತಿದ್ದೆ. ಎರಡನೆಯ ವರ್ಷ ನೋಡಿದೆ. ದೂರಕ್ಕೆ ನೆಟ್ಟ ಕಣ್ಣು, ಹುಬ್ಬಿನ ಮೇಲೆ ಕುಸುಬಿಯ ಪುಡಿ. ಅವನೂ ಒಮ್ಮೊಮ್ಮೆ ನನ್ನ ಕಡೆ ನೋಡಿ ಮತ್ತೆ ದಾರಿಗೆ ತಿರುಗುತ್ತಿದ್ದ.

ಆ ವರ್ಷ ಗಾಳಿ ಎಂದಿಗಿಂತ ಉದ್ದವಾಯಿತು. ಹೊಸ ಪಾಚಿ ಇನ್ನೂ ಕೊಳದಲ್ಲೇ ಹಸಿರಾಗಿತ್ತು. ಕೆಂಪಿಯ ಹೊಟ್ಟೆಯಲ್ಲಿ ತಳ ಒದ್ದೆಯಾಗುವಷ್ಟು ರಸ ಉಳಿದಿದ್ದಾಗ, ಒಂದು ಮಧ್ಯಾಹ್ನ ಸೂಡಿಯಿಂದ ನನ್ನ ತಂಗಿ ಪಾರವ್ವನ ಗಂಡ ಎದುರುಗಾಳಿಯಲ್ಲಿ ಸೈಕಲ್ ತುಳಿದು ಬಂದು ದವಾಖಾನೆಯ ಮೆಟ್ಟಿಲ ಮೇಲೆ ಕುಸಿದ. ಪಾರವ್ವನಿಗೆ ಬೆಳಗಿನಿಂದ ಬೇನೆ. ಕೂಸು ಅಡ್ಡ ತಿರುಗಿದೆ. ಅಲ್ಲಿ ಅದನ್ನು ಸರಿಮಾಡಬಲ್ಲವರು ಯಾರೂ ಇಲ್ಲ.

ನಾವು ಹೊರಟೆವು. ಗಾಳಿ ಹಿಂದಕ್ಕೆ ಜಗ್ಗದ ಹಾಗೆ ಮೈಲಾರಿ ಕಾರಿನ ಬಟ್ಟೆಯ ಚಾವಣಿಯನ್ನು ಬಿಗಿಯಾಗಿ ಎಳೆದ, ಕಿಟಕಿ ಏರಿಸಿದ, ಎಂದಿನ ಹದಕ್ಕೆ ಬಂದ. ಆ ಹದ ಅಂದು ನನಗೆ ಹಿಂಸೆಯಾಯಿತು.

"ಜೋರ ಹೊಡಿ, ಮೈಲಾರಿ," ಎಂದೆ.

ಅವನು ಮೇಲಿನ ಗೇರಿಗೆ ಹಾಕಿ ಅದೇ ಹದದಲ್ಲಿ ಸಾಗಿದ.

"ಇದು ಓಡೂ ಗಾಡಿ. ನಿನಗ ಓಡಸಾಕ ಬರತೈತಿ. ಒತ್ತು."

"ಒತ್ತಿದ್ರ ಜಕ್ಕಲಿ ದಾಟಿ ನಿಂದರತೈತ್ರಿ, ಬಾಯಾರ. ಅಲ್ಲಿಂದ ನಡಕೋತ ಹೋಗೂದರಾಗ ಹೊತ್ತ ಮುಳಗತೈತಿ."

ನಾನು ಅಳುತ್ತಿದ್ದೆ. ದಾರಿ ನೆಟ್ಟಗಿತ್ತು, ಖಾಲಿಯಿತ್ತು, ಮೊದಲ ವರ್ಷ ಅವನು ಬಾಣದ ಹಾಗೆ ಹಾರಿದ್ದ ದಾರಿಯೇ ಅದು. "ನಿನ್ನ ಒಡಹುಟ್ಟಿದಾಕಿ ಅಲ್ಲಿ ಮಲಗಿದ್ರ ಹಿಂಗ ಹೋಗತಿದ್ದೇನು?" ಎಂದು ಕೇಳಿದೆ.

ಅವನು ದಾರಿಯಿಂದ ಕಣ್ಣು ತೆಗೆಯಲಿಲ್ಲ. "ಇನ್ನೂ ಮೆಲ್ಲಗ ಹೋಗತಿದ್ದೆರಿ," ಎಂದ.

ಅವನ ಹಣೆಯಿಂದ ಬೆವರು ಹನಿದು ಅಂಗಿಯ ಮೇಲೆ ಬೀಳುತ್ತಿತ್ತು. ಪಾದ ಮಾತ್ರ ನಿದ್ದೆಹೋದ ಮಗುವಿನ ಮೇಲೆ ಕೈಯಿಟ್ಟಂತೆ ಹಗುರವಾಗಿತ್ತು. ಜಕ್ಕಲಿ ಹಿಂದೆ ಸರಿಯಿತು. ದಿಬ್ಬ ಬಂದಾಗ ಮೊದಲೇ ತುಸು ವೇಗ ಕೂಡಿಸಿಕೊಂಡು ಹತ್ತಿದ, ನೆತ್ತಿಯಲ್ಲಿ ಅದನ್ನು ಕರಗಲು ಬಿಟ್ಟ, ಆಚೆ ಇಳಿಯುವಾಗ ಪಾದ ಎತ್ತಿದ. ಪೆಟ್ರೋಲಿನ ಮುಳ್ಳು ಎಂದೋ ಕೆಳಗೆ ಮಲಗಿತ್ತು. ಕೊನೆಯ ದಿಬ್ಬದ ನೆತ್ತಿಯಲ್ಲಿ ಎಂಜಿನ್ ಎರಡು ಸಲ ಬಿಕ್ಕಿ ನಿಂತುಹೋಯಿತು. ಮೈಲಾರಿ ಗೇರು ಬಿಡಿಸಿದ. ಬ್ರೇಕು ಗಟ್ಟಿಯಾಗಿತ್ತು; ಬಿಗಿದುಕೊಂಡ ಸ್ಟಿಯರಿಂಗನ್ನು ಎರಡೂ ಕೈಗಳಿಂದ ಜಗ್ಗಿ ಕಾರನ್ನು ದಾರಿಯಲ್ಲಿ ಹಿಡಿದಿಟ್ಟ. ಸತ್ತ ಎಂಜಿನ್ನಿನ ಕೆಂಪಿ ಉದ್ದನೆಯ ಇಳಿಜಾರನ್ನು ಇಳಿಯುತ್ತ, ಇಳಿಯುತ್ತ, ಸೂಡಿಯ ಹಳೆಯ ಕಲ್ಲುಹೊಂಡದ ಬಳಿ ತಾನಾಗಿಯೇ ನಿಂತಿತು. ಅಲ್ಲಿಂದ ಪಾರವ್ವನ ಮನೆ ಕೂಗಳತೆ. ನಾನು ಪೆಟ್ಟಿಗೆ ಅವುಚಿಕೊಂಡು ಓಡಿದೆ.

ಕೂಸನ್ನು ತಿರುಗಿಸಲು ಬಹಳ ಹೊತ್ತು ಹಿಡಿಯಿತು. ಪಾರವ್ವ ನನ್ನ ಮುಂಗೈ ಕಚ್ಚಿದ ಗುರುತು ಈಗಲೂ ಇದೆ. ಬಿಸಿಲು ಗೋಡೆಯಿಂದ ಇಳಿಯುವ ಮೊದಲು ಹೆಣ್ಣುಮಗು ಅತ್ತಿತು. ತಾಯಿ ಮಗಳು ಇಬ್ಬರೂ ಉಳಿದರು. ಹೊರಗೆ ಬಂದಾಗ ಮೈಲಾರಿ ಹೊಂಡದ ಮೆಟ್ಟಿಲ ಮೇಲೆ ಕೂತಿದ್ದ. ಬಲಗಾಲು ನಡುಗುತ್ತಿತ್ತು, ನಿಲ್ಲಿಸಲು ಅವನಿಗೆ ಆಗುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಆ ಮೊಣಕಾಲ ಮೇಲೆ ಕೈಯಿಟ್ಟೆ. ನಡುಕ ನಿಂತ ಮೇಲೂ ತೆಗೆಯಲಿಲ್ಲ. ಗಾಳಿಗಾಲ ಮುಗಿದು ಮೊದಲ ಮಳೆ ಬಿದ್ದಾಗ ನಮ್ಮ ಮದುವೆಯಾಯಿತು.

ಒಡೆಯರೇ, ನಿಮ್ಮ ಕಾಲದಲ್ಲಿ ದಾರಿಯುದ್ದಕ್ಕೂ ಪೆಟ್ರೋಲ್ ಸಿಗುತ್ತದಂತೆ. ಹಾಗಾಗಿ ನಿಮ್ಮನ್ನು ಹೆದರಿಸಲು ನನ್ನಲ್ಲಿ ಏನೂ ಇಲ್ಲ. ಒಂದೇ ಒಂದು ಕೋರಿಕೆ. ಎರಡು ಸೀಟಿನ ಕಾರನ್ನು ಒಬ್ಬರೇ ಓಡಿಸಿದರೂ ಅದು ಹೆಚ್ಚುಕಡಿಮೆ ಅಷ್ಟೇ ಕುಡಿಯುತ್ತದೆ. ಇಬ್ಬರು ಕೂತರೆ ಅದೇ ಹನಿ ಇಬ್ಬರನ್ನು ಒಯ್ಯುತ್ತದೆ. ನಾಳೆ ಹೊರಡುವಾಗ ಓಣಿಯಲ್ಲಿ ಅದೇ ದಾರಿಗೆ ಹೋಗುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿ ನೋಡಿ. ಅವರು ಬಂದು ಕೂತ ಮೇಲೆ, ದಾರಿ ಇಳಿಯುವ ಕಡೆ, ಪಾದ ಎತ್ತಿ.

ನಿಮಗೆ ಶುಭವಾಗಲಿ.

ನೀಲಗಂಗಾ