ಹತ್ತು ಹೂ ಕೊಟ್ಟವಳ ಹೇಳಿಕೆ

ಪ್ರಾಂತ್ಯದ ಆಡಳಿತ ಮುಖ್ಯಸ್ಥರಾದ ಮಾನ್ಯರೇ,

ಹೋದ ಶನಿವಾರ ರೈಲು ನಿಲ್ದಾಣದ ಮುಂದಿನ ಹೊಸ ಚೌಕದಲ್ಲಿ, ನಿಮ್ಮ ಐವತ್ತನೆಯ ಹುಟ್ಟುಹಬ್ಬದ ದಿನ, ಬ್ಯಾಂಡು ಬಾರಿಸುತ್ತಿದ್ದಾಗ ನಿಮ್ಮ ಕೈಗೆ ಹತ್ತು ಕೆಂಪು ಕಾರ್ನೇಷನ್ ಹೂ ಕೊಟ್ಟವಳು ನಾನೇ. ಹನ್ನೊಂದು ಕೊಡಬೇಕಿತ್ತು. ಹತ್ತು ಕೊಟ್ಟೆ. ಇದರಲ್ಲಿ ಬೇರೆ ಯಾರ ಕೈವಾಡವೂ ಇಲ್ಲ. ಇಷ್ಟನ್ನು ನಿಮ್ಮ ಇಬ್ಬರು ಅಧಿಕಾರಿಗಳಿಗೆ ಸೋಮವಾರದಿಂದ ಹೇಳುತ್ತಲೇ ಇದ್ದೇನೆ, ಅವರು ಬರೆದುಕೊಳ್ಳುತ್ತಿಲ್ಲ. ಅವರು ಬರೆದು ತಂದಿರುವುದೇ ಬೇರೆ. ಶುಕ್ರವಾರ ಮಧ್ಯಾಹ್ನದೊಳಗೆ ಅದಕ್ಕೆ ನಾನು ಸಹಿ ಹಾಕಬೇಕಂತೆ. ನನಗೆ ಹೆದರಿಕೆಯಾಗಿದೆ. ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಕೂತರೆ ಆ ಹೆದರಿಕೆಗೆ ನಾನೊಬ್ಬಳೇ ಸಿಗುತ್ತೇನೆ. ಹಾಗಾಗಿ ಪತ್ರಿಕೆಗೆ ಬರೆಯುತ್ತಿದ್ದೇನೆ, ಊರೆಲ್ಲ ಓದಲಿ ಎಂದು.

ನಮ್ಮಲ್ಲಿ ಬದುಕಿದ್ದವರಿಗೆ ಹೂ ಕೊಡುವಾಗ ಬೆಸ ಸಂಖ್ಯೆ, ಸತ್ತವರಿಗೆ ಇಡುವಾಗ ಸಮ ಸಂಖ್ಯೆ. ಮೊದಲ ದಿನ ಶಾಲೆಗೆ ಹೋಗುವ ಮಗು ಕೂಡ ಟೀಚರಿಗೆ ಒಯ್ಯುವ ಹೂ ಎಣಿಸಿಕೊಳ್ಳುತ್ತದೆ. ಇಪ್ಪತ್ತು ವರ್ಷ ಹೂ ಮಾರಿದವಳಿಗೆ ಲೆಕ್ಕ ಹೇಗೆ ತಪ್ಪುತ್ತದೆ ಎಂದು ನಿಮ್ಮ ಅಧಿಕಾರಿಗಳು ಕೇಳುತ್ತಾರೆ. ಇಪ್ಪತ್ತು ವರ್ಷ ಎಲ್ಲಿ ಮಾರಿದೆ ಎಂದು ಮಾತ್ರ ಕೇಳುವುದಿಲ್ಲ. ಸ್ಮಶಾನದ ಗೇಟಿನಲ್ಲಿ, ಮಾನ್ಯರೇ. ನಿಮಗೆ ಗೊತ್ತಿರುವ ಗೇಟೇ. ಅಲ್ಲಿ ಎರಡು, ನಾಲ್ಕು, ಆರು ಬಿಟ್ಟರೆ ಬೇರೆ ಲೆಕ್ಕವಿಲ್ಲ. ನನ್ನ ಕೈ ಜೋಡಿಯಾಗಿ ಎತ್ತುತ್ತದೆ, ಜೋಡಿಯಾಗಿ ಕಟ್ಟುತ್ತದೆ, ಒಂಟಿ ಉಳಿದರೆ ನನ್ನನ್ನು ಕೇಳದೆ ಬಕೆಟ್ಟಿಗೆ ಹಾಕಿಬಿಡುತ್ತದೆ.

ಹಾಗಿದ್ದ ಮೇಲೆ ಹುಟ್ಟುಹಬ್ಬದ ಹೂವಿಗೆ ಸ್ಮಶಾನದ ಗೇಟಿಗೆ ಯಾಕೆ ಬಂದರು? ಇದನ್ನು ನಿಮ್ಮ ಕಚೇರಿಯನ್ನೇ ಕೇಳಬೇಕು. ಪೇಟೆಯ ದೊಡ್ಡ ಅಂಗಡಿಯಿಂದ ತರಿಸಿದ ಗುಲಾಬಿ ಬಾಡಿತ್ತಂತೆ. ಸಮಾರಂಭದ ಉಸ್ತುವಾರಿಯ ಜೋರ್ಯಾನಾ ಎಂಬ ಹುಡುಗಿ ಕಾರಿನಿಂದ ಇಳಿದು ಓಡಿಬಂದಳು.

"ಅಮ್ಮಾ, ಹನ್ನೊಂದು ಕಾರ್ನೇಷನ್, ಬೇಗ! ಇನ್ನು ಅರ್ಧ ಗಂಟೆ ಇದೆ, ಅಷ್ಟರಲ್ಲಿ ತಲುಪಿಸ್ದೇ ಇದ್ರೆ ನನ್ ಕೆಲಸ ಹೋಯ್ತು ಅಂದ್ಕೊಳಿ."

ಹನ್ನೊಂದನ್ನು ಒಂದೇ ಅಳತೆಗೆ ಕತ್ತರಿಸಿದೆ. ಕಟ್ಟುವಾಗ ಅವಳು ನನ್ನ ಮುಖ ನೋಡಿ, "ನೀವೇ ಬನ್ನಿ ಜೊತೆಗೆ, ನಿಮ್ ಕೈಯಿಂದಲೇ ಕೊಡಿ. ಜನಸಾಮಾನ್ಯರು ಪ್ರೀತಿಯಿಂದ ಕೊಟ್ಟಂಗೆ ಕಾಣತ್ತೆ" ಅಂದಳು. ಜನಸಾಮಾನ್ಯರು ಎಂದು ಯಾರಾದರೂ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದದ್ದು ಅದೇ ಮೊದಲು. ಆ ಸಂಭ್ರಮದಲ್ಲಿ ಕೈ ತನ್ನ ಹಳೆಯ ಕೆಲಸ ಮಾಡಿ ಮುಗಿಸಿತ್ತು.

ನೀವು ಬಗ್ಗಿ ನನ್ನ ಕೆನ್ನೆಗೆ ಮುತ್ತಿಟ್ಟಿರಿ. ಕ್ಯಾಮೆರಾಗಳೆಲ್ಲ ನಿಮ್ಮ ನಗು ನೋಡುತ್ತಿದ್ದವು, ನಾನು ನಿಮ್ಮ ಬೆರಳು ನೋಡುತ್ತಿದ್ದೆ. ಹೆಬ್ಬೆರಳು ಒಂದೊಂದೇ ದಂಟನ್ನು ಸರಿಸುತ್ತಾ ಹೋಯಿತು. ಕೊನೆಯ ದಂಟಿಗೆ ಬಂದು ನಿಂತಿತು. ಮತ್ತೆ ಮೊದಲಿನಿಂದ ಶುರುಮಾಡಿತು. ನಿಮ್ಮ ಮುಖ ಸುಣ್ಣ ಬಳಿದ ಹಾಗಾಯಿತು. ಪ್ರಾಂತ್ಯದಲ್ಲಿ ಎಲ್ಲರನ್ನೂ ಹೆದರಿಸಬಲ್ಲ ಮನುಷ್ಯ ಹತ್ತು ಹೂವಿಗೆ ಹೆದರಿದ್ದನ್ನು ನಾನು ಒಂದು ಗೇಣು ದೂರದಿಂದ ನೋಡಿದೆ. ನನ್ನ ನಿಜವಾದ ಅಪರಾಧ ಇದೇ ಇರಬೇಕು.

ನೀವು ಯಾಕೆ ಹೆದರಿದಿರಿ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿಮ್ಮ ಜೀವನಚರಿತ್ರೆ ಸರ್ಕಾರಿ ಪುಸ್ತಿಕೆಯಲ್ಲಿ ಕಲ್ಲುಗಣಿಯಿಂದ ಶುರುವಾಗುತ್ತದೆ. ಅದಕ್ಕೂ ಮುಂಚಿನ ಪುಟ ನನ್ನ ಹತ್ತಿರ ಇದೆ. ಸೋವಿಯತ್ ಕಾಲ ಮುಗಿದ ವರ್ಷ ನನ್ನ ಹೂವಿನ ಗೂಡಂಗಡಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನೀವು ಗೋರಿಕಲ್ಲು ಕೆತ್ತುತ್ತಿದ್ದಿರಿ. ಕಲ್ಲು ನಿಮ್ಮದು, ಹೂ ನನ್ನದು. "ಅಕ್ಕಾ, ಒಂದ್ ಲೋಟ ಚಹಾ ಕೊಡೇ, ಕೈಯೆಲ್ಲ ಮರಗಟ್ಟೋಗಿದೆ" ಎಂದು ಧೂಳು ಮೆತ್ತಿದ ರೆಪ್ಪೆ ಬಡಿಯುತ್ತಾ ಬರುತ್ತಿದ್ದಿರಿ. ಆಮೇಲೆ ಗಣಿ ಬಂತು, ಒಂದಿದ್ದದ್ದು ಮೂರಾಯಿತು. ಚುನಾವಣೆ ಬಂತು, ಮನೆಮನೆಗೂ ನಿಮ್ಮ ಚಿತ್ರವಿದ್ದ ಧಾನ್ಯದ ಪೊಟ್ಟಣ ಬಂತು, ನಾನೂ ಬೇಯಿಸಿಕೊಂಡು ತಿಂದೆ. ಪ್ರಾಂತ್ಯದ ಸಭೆಗೆ ಹೋದಿರಿ, ಅದರ ಅಧ್ಯಕ್ಷರಾದಿರಿ, ರಾಜಧಾನಿ ಕೀವ್‌ನಿಂದ ಆದೇಶ ಬಂದು ಮುಖ್ಯಸ್ಥರೂ ಆದಿರಿ. ಸತ್ತವರ ತಲೆಯ ಮೇಲೆ ನಿಲ್ಲಿಸುತ್ತಿದ್ದ ಕಲ್ಲನ್ನು ಈಗ ಎಲ್ಲ ಊರಿನ ಚೌಕಗಳಲ್ಲಿ ಬದುಕಿದ್ದವರ ಕಾಲಡಿ ಹಾಸುತ್ತಿದ್ದೀರಿ. ನೋಡಲು ಚೆನ್ನಾಗಿದೆ. ಮಂಜು ಬಿದ್ದರೆ ಜಾರುತ್ತದೆ, ಅಷ್ಟೇ.

ಪುಸ್ತಿಕೆಯಲ್ಲಿ ಇಲ್ಲದ ಇನ್ನೊಂದು ಸಂಗತಿ ಇದೆ. ನಿಮಗೆ ಗಣಿ ಬರುವ ಮುಂಚೆ, ತೊಂಬತ್ತೇಳನೆಯ ಇಸವಿಯ ಮಾರ್ಚ್‌ನಲ್ಲಿ, ಅಂಗಡಿಗಳಿಂದ ಹಣ ವಸೂಲಿ ಮಾಡುವ ಗುಂಪಿನ ಚರ್ಮದ ಜಾಕೀಟಿನವನೊಬ್ಬ ಬಂದು ಶವಮಾಲೆ ಬೇಕೆಂದ. ರಿಬ್ಬನ್ ಮೇಲೆ ಬರೆಯಲು ಹೆಸರು ಕೇಳಿದೆ. ನಿಮ್ಮ ಹೆಸರು ಹೇಳಿದ. ತಾರೀಖು ಕೇಳಿದೆ. ಮುಂದಿನ ಗುರುವಾರದ್ದು ಹೇಳಿದ. ನೀವು ಆಗ ಹತ್ತು ಹೆಜ್ಜೆ ಆಚೆ ಶೆಡ್ಡಿನಲ್ಲಿ ಶಿಳ್ಳೆ ಹಾಕುತ್ತಾ ಕಲ್ಲು ಉಜ್ಜುತ್ತಿದ್ದಿರಿ. ಅವನು ಹೋಗುವವರೆಗೂ ನಾನು ಅಕ್ಷರ ಬರೆಯುತ್ತಲೇ ಇದ್ದೆ. ಆಮೇಲೆ ಓಡಿಬಂದು, "ಈಗಲೇ ಊರು ಬಿಡೋ, ಮನೆಗೂ ಹೋಗ್ಬೇಡ" ಅಂದೆ. ಹಳ್ಳಿಯಲ್ಲಿ ನನ್ನ ತಂಗಿಯ ಮನೆಯ ಆಲೂಗಡ್ಡೆ ನೆಲಮಾಳಿಗೆಯಲ್ಲಿ ನೀವು ಹನ್ನೊಂದು ದಿನ ಇದ್ದಿರಿ. ಹೊರಗೆ ಬಂದ ದಿನ ನನ್ನ ಎರಡೂ ಕೈ ಹಿಡಿದು ಅತ್ತಿರಿ. "ಅಕ್ಕಾ, ನಿನ್ ಹೆಸರು ಸಾಯೋವರ್ಗೂ ಮರೆಯಲ್ಲ" ಅಂದಿರಿ. ನಿಜ, ಮರೆತಿಲ್ಲ. ನಿಮ್ಮ ಅಧಿಕಾರಿಗಳ ಕಾಗದದಲ್ಲಿ ನನ್ನ ಹೆಸರು, ತಂದೆಯ ಹೆಸರು ಎಲ್ಲ ಅಚ್ಚುಕಟ್ಟಾಗಿದೆ.

ಆ ಕಾಗದದಲ್ಲಿ ಇನ್ನೊಂದು ಹೆಸರಿದೆ. ನೆಸ್ತೋರ್ ಪೆತ್ರೋವಿಚ್, ನಿಮ್ಮ ಮೂರನೆಯ ಗಣಿಯ ಹಳ್ಳಿಯಲ್ಲಿ ಭೂಗೋಳ ಕಲಿಸುವ ಮೇಷ್ಟ್ರು. ಸಿಡಿಮದ್ದಿಗೆ ಶಾಲೆಯ ಗೋಡೆ ಬಿರುಕು ಬಿಟ್ಟ ಮೇಲೆ ನಿಮ್ಮ ಮೇಲೆ ದೂರು ಬರೆಯುತ್ತಿರುವವರು. ನಿಮಗೆ ಜೀವಬೆದರಿಕೆ ಹಾಕಲು ಅವರೇ ನನ್ನಿಂದ ಹತ್ತು ಹೂ ಕಟ್ಟಿಸಿದರು ಎಂದು ನಾನು ಹೇಳಿಕೆ ಕೊಟ್ಟಂತೆ ಬರೆದಿದೆ. ಶನಿವಾರ ಬೆಳಿಗ್ಗೆ ಅವರು ನನ್ನ ಅಂಗಡಿ ಮುಂದೆ ನಿಂತಿದ್ದ ಫೋಟೋ ಕೂಡ ಇದೆ. ನಿಂತಿದ್ದರು, ಹೌದು. ಪ್ರತಿ ಶನಿವಾರ ನಿಲ್ಲುತ್ತಾರೆ. ತಾಯಿಯ ಗೋರಿಗೆ ಎರಡು ಹೂ ತೆಗೆದುಕೊಂಡು ಹೋಗುತ್ತಾರೆ.

ಅಧಿಕಾರಿಗಳಲ್ಲಿ ದೊಡ್ಡವನು ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬಹಳ ಮೃದುವಾಗಿ ಮಾತಾಡಿದ. "ನೋಡಿ ಸ್ಟೆಫಾನಿಯಾ ಜಖಾರಿವ್ನಾ, ನೀವಾಗ್ ನೀವೇ ಮಾಡಿಲ್ಲ ಅಂತ ನಮಗ್ ಗೊತ್ತು. ಯಾರೋ ಮಾಡ್ಸಿದಾರೆ. ಯಾರು ಅಂತ ಒಂದ್ ಸಹಿ ಹಾಕ್ಬಿಟ್ರೆ ನಿಮ್ ಪಾಡಿಗೆ ನೀವಿರಬಹುದು."

"ಯಾರೂ ಮಾಡ್ಸಿಲ್ಲಪ್ಪಾ. ಕೈ ತಪ್ಪು."

"ಹಂಗಾದ್ರೆ ಬೆದರಿಕೆ ನಿಮ್ದೇ ಅಂತ ಬರ್ಕೋಬೇಕಾಗತ್ತೆ. ಈ ವಯಸ್ಸಲ್ಲಿ ಜೈಲಿನ ಚಳಿ ತಡ್ಕೋತೀರಾ?"

ಚಿಕ್ಕವನು ಕಿಟಕಿಯಲ್ಲಿದ್ದ ನನ್ನ ಹೂಕುಂಡಗಳನ್ನು ಎಣಿಸುತ್ತಿದ್ದ. ಅವತ್ತಿನಿಂದ ನಾನೂ ಎಣಿಸುತ್ತಿದ್ದೇನೆ. ಮೆಟ್ಟಿಲು, ಸಕ್ಕರೆ ಚಮಚ, ಎದುರು ಬೀದಿಯಲ್ಲಿ ನಿಂತಿರುವ ಬೂದು ಕಾರಿನೊಳಗಿನ ತಲೆ. ಎರಡು. ಯಾವಾಗ ನೋಡಿದರೂ ಎರಡು. ಮಂಗಳವಾರ ಸಹಿ ಹಾಕಲೆಂದು ಪೆನ್ನು ಕೂಡ ಹುಡುಕಿದೆ, ಸುಳ್ಳು ಯಾಕೆ ಹೇಳಲಿ. ನಾನು ಧೈರ್ಯಸ್ಥೆಯಲ್ಲ. ಆದರೆ ಒಬ್ಬ ಮನುಷ್ಯನ ಹೆಸರನ್ನು ಅವನು ಬದುಕಿರುವಾಗಲೇ ಬರೆಯುವ ಕೆಲಸ ಈ ಕೈ ಒಂದು ಸಲ ಮಾಡಿದೆ. ಆಗ ಆ ಮನುಷ್ಯ ನೀವಾಗಿದ್ದಿರಿ. ಎರಡನೆಯ ಸಲ ಮಾಡಲು ನನ್ನಿಂದ ಆಗುವುದಿಲ್ಲ.

ಈಗ ನನ್ನ ಬೇಡಿಕೆ. ಶನಿವಾರ ಸಂಜೆ ಬಕೆಟ್ಟು ಖಾಲಿ ಮಾಡುವಾಗ ಒಂದು ಕಾರ್ನೇಷನ್ ಸಿಕ್ಕಿತು. ನಿಮ್ಮ ಹತ್ತರ ಅಳತೆಗೇ ಕತ್ತರಿಸಿದ್ದು, ಹನ್ನೊಂದನೆಯದು. ಅಧಿಕಾರಿಗಳಿಗೆ ಸಾಕ್ಷಿ ಎಂದು ತೋರಿಸಿದೆ, ನಕ್ಕರು. ಅದನ್ನು ಈ ಪತ್ರಿಕೆಯ ಸಂಪಾದಕರ ಕಿಟಕಿಯಲ್ಲಿ ನೀರಿಗೆ ಹಾಕಿ ಬಂದಿದ್ದೇನೆ, ಬೀದಿಯಲ್ಲಿ ಹೋಗುವವರೆಲ್ಲ ನೋಡಬಹುದು. ಶುಕ್ರವಾರ ಬೆಳಿಗ್ಗೆ ಅಂಗಡಿಗೆ ತರುತ್ತೇನೆ. ಮಧ್ಯಾಹ್ನ ಹನ್ನೆರಡಕ್ಕೆ ನೀವು ಗೇಟಿನ ಹತ್ತಿರ ನೀವೇ ಬನ್ನಿ. ಆ ಕಾಗದ ತನ್ನಿ, ನನ್ನ ಮುಂದೆ ಹರಿಯಿರಿ, ಬೂದು ಕಾರನ್ನು ಕರೆಸಿಕೊಳ್ಳಿ, ಮೇಷ್ಟ್ರನ್ನು ಅವರ ಪಾಡಿಗೆ ಬಿಡಿ. ಆ ಒಂಟಿ ಹೂವನ್ನು ನಿಮ್ಮ ಕೈಗೆ ಕೊಟ್ಟು ಲೆಕ್ಕ ಸರಿಮಾಡುತ್ತೇನೆ. ಚಹಾ ಕೂಡ ಕೊಡುತ್ತೇನೆ.

ನೀವು ಬರದೆ ನಿಮ್ಮ ಅಧಿಕಾರಿಗಳೇ ಬಂದರೆ, ಶನಿವಾರ ನನ್ನ ಅಂಗಡಿ ಮುಚ್ಚಿದ್ದರೆ, ಓದುಗರಲ್ಲಿ ಯಾರಾದರೂ ನೆಸ್ತೋರ್ ಪೆತ್ರೋವಿಚ್ ಅವರ ಮನೆಗೆ ಹೋಗಿ ಬಾಗಿಲು ತಟ್ಟಿ ನೋಡಿ. ಅವರು ಮನೆಯಲ್ಲೇ ಇದ್ದರೆ, ನಾನು ಸಹಿ ಹಾಕಲಿಲ್ಲ ಎಂದು ತಿಳಿದುಕೊಳ್ಳಿ.

ಇಂತಿ,
ಎಣಿಕೆ ತಪ್ಪಿದರೂ ತಪ್ಪು ಹೆಸರು ಬರೆಯಲಾರದ,
ಒಂದು ಕಾಲದಲ್ಲಿ ನಿಮ್ಮ ಅಕ್ಕ,
ಸ್ಟೆಫಾನಿಯಾ ಜಖಾರಿವ್ನಾ ಕೊಲೋದಿ
ಸ್ಮಶಾನದ ಗೇಟು, ಎಡಗಡೆಯ ಹೂವಿನ ಅಂಗಡಿ